‘ಪುಟ್ ಆಫ್’ ಮತ್ತು ಅದರ ಬಂಧುಬಳಗ

(ಪದವಿ ಕೊನೆಯ ವರ್ಷದ ವಿದ್ಯಾರ್ಥಿಗಳು ಮತ್ತು ಇಂಗ್ಲಿಷ್ ಕಲಿಸುವ ಶಿಕ್ಷಕರ ಮುಂದೆ ಆಡಿದ ಮಾತಿನ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಇವತ್ತಿನ ವಿಷಯ ಚಿಕ್ಕದು. ಇಂಗ್ಲಿಷಿನ ಒಂದೇ ಒಂದು ಕ್ರಿಯಾಪದ, ‘ಪುಟ್ ಆಫ್’. ಅದರ ಪಕ್ಕದಲ್ಲಿ ಪುಸ್ತಕಗಳು ಕೊಡುವ ಸಮಾನಾರ್ಥಕ ಪದಗಳು ನಿಮಗೆ ಗೊತ್ತೇ ಇವೆ. ಪೋಸ್ಟ್‌ಪೋನ್, ಡಿಲೇ, ಡಿಫರ್, ಅಡ್ಜರ್ನ್, ಸಸ್ಪೆಂಡ್, ಶೆಲ್ವ್, ಸ್ಟಾಲ್, ಪ್ರೊಕ್ರಾಸ್ಟಿನೇಟ್. ಎಲ್ಲದರ ಮುಂದೆಯೂ ‘ಮುಂದೂಡು’ ಅಂತ ಬರೆದುಕೊಂಡು ನಾವು ಮುಂದಿನ ಪಾಠಕ್ಕೆ ಹೋಗುತ್ತೇವೆ. ಪರೀಕ್ಷೆಗೆ ಅಷ್ಟು ಸಾಕಾಗುತ್ತದೆ. ಆದರೆ ಇದೇ ಪದಗಳು ಬ್ಯಾಂಕಿನ ಮೆಸೇಜಿನಲ್ಲಿ, ಕೋರ್ಟಿನ ಆದೇಶದಲ್ಲಿ, ರಕ್ತದಾನ ಶಿಬಿರದ ಚೀಟಿಯಲ್ಲಿ ಬರುತ್ತವೆ. ಅಲ್ಲಿ ಒಂದನ್ನು ಇನ್ನೊಂದು ಅಂದುಕೊಂಡು ಓದಿದರೆ ದುಡ್ಡು ಹೋಗುತ್ತದೆ, ಕೆಲವೊಮ್ಮೆ ಅವಕಾಶವೂ ಹೋಗುತ್ತದೆ. ಅದಕ್ಕೇ ಒಂದು ಪದದ ಮೇಲೆ ಇಷ್ಟು ಹೊತ್ತು ಮಾತಾಡಬೇಕು ಅನ್ನಿಸಿತು.

ಈ ಪದಗಳನ್ನು ಬೇರ್ಪಡಿಸಲು ನಾನು ಎರಡು ಪ್ರಶ್ನೆ ಕೇಳಿಕೊಳ್ಳುತ್ತೇನೆ. ಮುಂದೂಡುತ್ತಿರುವವರು ಯಾರು? ಹೊಸ ದಿನ ಯಾವುದು ಅಂತ ಗೊತ್ತಾಗಿದೆಯಾ, ಇಲ್ಲವಾ? ಇವೆರಡಕ್ಕೆ ಉತ್ತರ ಸಿಕ್ಕರೆ ಯಾವ ಪದ ಹೊಂದುತ್ತದೆ ಅನ್ನೋದು ಬಹುಪಾಲು ಗೊತ್ತಾಗಿಬಿಡುತ್ತದೆ.

ಈ ವಿಷಯಕ್ಕೆ 2020ಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ. ಆ ವರ್ಷ ಇಡೀ ಪ್ರಪಂಚವೇ ಎಲ್ಲವನ್ನೂ ಮುಂದೆ ಹಾಕಿತು. ಮಾರ್ಚ್ 24ರಂದು ಟೋಕಿಯೊ ಒಲಿಂಪಿಕ್ಸ್ ಪೋಸ್ಟ್‌ಪೋನ್ ಆಯಿತು. ಮುಂದಿನ ವರ್ಷ ಜುಲೈ 23ಕ್ಕೆ ಶುರುವಾಯಿತು. ಹೆಸರು ಮಾತ್ರ ‘ಟೋಕಿಯೊ 2020’ ಅಂತಲೇ ಉಳಿಯಿತು, ಯಾಕೆಂದರೆ ಅದು ಅದೇ ಕ್ರೀಡಾಕೂಟ, ಬೇರೆ ದಿನದಲ್ಲಿ. ಅದೇ ಬೇಸಿಗೆಯಲ್ಲಿ ನಡೆಯಬೇಕಿದ್ದ ವಿಂಬಲ್ಡನ್ ಟೆನಿಸ್ ಕ್ಯಾನ್ಸಲ್ ಆಯಿತು. 2021ರಲ್ಲಿ ನಡೆದದ್ದು 2021ರ ವಿಂಬಲ್ಡನ್. 2020ರದ್ದು ನಡೆಯಲೇ ಇಲ್ಲ. ಕ್ಯಾನ್ಸಲ್ ಅನ್ನೋದಕ್ಕೆ ಮಾತಿನಲ್ಲಿ ‘ಕಾಲ್ ಆಫ್’ ಅನ್ನುತ್ತಾರೆ. ಪುಟ್ ಆಫ್, ಕಾಲ್ ಆಫ್ ಎರಡನ್ನೂ ಅದಲು ಬದಲು ಮಾಡುವವರು ನಮ್ಮಲ್ಲಿ ತುಂಬಾ ಇದ್ದಾರೆ. ಕಾಲ್ ಆಫ್ ಆದರೆ ಮುಗಿಯಿತು. ಪುಟ್ ಆಫ್ ಆದರೆ ಇನ್ನೂ ಬಾಕಿ ಇದೆ.

ನಮ್ಮ ರಾಜ್ಯದಲ್ಲೇ ನೋಡಿ. ಆ ವರ್ಷ ದ್ವಿತೀಯ ಪಿಯುಸಿಯ ಒಂದು ಪೇಪರ್ ಮಾತ್ರ ಉಳಿದುಕೊಂಡಿತ್ತು, ಅದೂ ಇಂಗ್ಲಿಷ್. ಮಾರ್ಚ್ 23ಕ್ಕೆ ಆಗಬೇಕಿದ್ದದ್ದು ಜೂನ್ 18ಕ್ಕೆ ಆಯಿತು. ಎಸ್ಸೆಸ್ಸೆಲ್ಸಿ ಪರೀಕ್ಷೆ ಮಾರ್ಚ್ 27ರಿಂದ ಜೂನ್ 25ಕ್ಕೆ ಹೋಯಿತು. ಹೊಸ ದಿನ ಪ್ರಕಟ ಆಗುವವರೆಗೆ ಆ ಮಕ್ಕಳು, ಅವರ ಅಪ್ಪ ಅಮ್ಮ ಅನುಭವಿಸಿದ ಒದ್ದಾಟ ನಿಮ್ಮಲ್ಲಿ ಅನೇಕರ ಮನೆಯಲ್ಲೇ ನಡೆದಿರಬಹುದು. ದಿನ ಗೊತ್ತಿಲ್ಲದ ಮುಂದೂಡಿಕೆ ಬೇರೆ, ದಿನ ಗೊತ್ತಿರುವ ಮುಂದೂಡಿಕೆ ಬೇರೆ. ಓದುವ ಮಗುವಿಗೆ ಇದು ವ್ಯಾಕರಣದ ವ್ಯತ್ಯಾಸ ಆಗಿರಲಿಲ್ಲ.

ಆದರೆ ನಾನು ಜಾಸ್ತಿ ಹೊತ್ತು ನಿಲ್ಲಬೇಕು ಅಂದುಕೊಂಡಿರುವುದು ಅದೇ ತಿಂಗಳು ಬಂದ ಇನ್ನೊಂದು ಪದದ ಬಳಿ. ಮೊರಟೋರಿಯಂ. 2020ರ ಮಾರ್ಚ್ 27ರಂದು ರಿಸರ್ವ್ ಬ್ಯಾಂಕ್ ಒಂದು ಪ್ರಕಟಣೆ ಮಾಡಿತು. ಮಾರ್ಚ್ 1ರಿಂದ ಮೇ 31ರೊಳಗೆ ಕಟ್ಟಬೇಕಾದ ಸಾಲದ ಕಂತುಗಳನ್ನು ಮೂರು ತಿಂಗಳು ಮುಂದಕ್ಕೆ ಹಾಕಲು ಬ್ಯಾಂಕುಗಳಿಗೆ ಅನುಮತಿ ಕೊಟ್ಟಿತು. ಆಮೇಲೆ ಅದನ್ನು ಆಗಸ್ಟ್ 31ರವರೆಗೆ ವಿಸ್ತರಿಸಿತು. ಜನರಿಗೆ ಇಂಗ್ಲಿಷಿನಲ್ಲಿ ಮೆಸೇಜ್ ಬಂತು. ಎಷ್ಟೋ ಜನ ಅದನ್ನು ‘ಆರು ತಿಂಗಳ ಕಂತು ಮನ್ನಾ’ ಅಂತ ಓದಿಕೊಂಡರು. ಅದು ಮನ್ನಾ ಆಗಿರಲಿಲ್ಲ. ಕಟ್ಟುವ ದಿನ ಮುಂದೆ ಹೋಯಿತು, ಅಷ್ಟೇ. ಬಡ್ಡಿ ನಡೆಯುತ್ತಲೇ ಇತ್ತು.

ಒಂದು ಲೆಕ್ಕ ಹಾಕೋಣ. 20 ಲಕ್ಷ ರೂಪಾಯಿ ಬಾಕಿ, ವರ್ಷಕ್ಕೆ ಶೇಕಡಾ 8 ಬಡ್ಡಿ ಅಂದುಕೊಳ್ಳಿ. ಆರು ತಿಂಗಳಿಗೆ ಬರೀ ಬಡ್ಡಿಯೇ ಸುಮಾರು 80,000 ರೂಪಾಯಿ. ಅದು ಅಸಲಿಗೆ ಸೇರಿಕೊಂಡರೆ ಮುಂದೆ ಅದಕ್ಕೂ ಬಡ್ಡಿ. ಈ ಬಡ್ಡಿಯ ಮೇಲಿನ ಬಡ್ಡಿಯ ವಿಷಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2021ರ ಮಾರ್ಚ್‌ನಲ್ಲಿ ಕೋರ್ಟ್, ಮೊರಟೋರಿಯಂ ಅವಧಿಗೆ ಬಡ್ಡಿಯ ಮೇಲೆ ಬಡ್ಡಿ ಹಾಕುವಂತಿಲ್ಲ ಎಂದು ಹೇಳಿತು. ಆದರೆ ಬಡ್ಡಿಯನ್ನೇ ಪೂರ್ತಿ ಬಿಡಬೇಕು ಅನ್ನುವ ಬೇಡಿಕೆಯನ್ನು ಒಪ್ಪಲಿಲ್ಲ. ಕೆಲಸ ಕಳೆದುಕೊಂಡವರಿಗೆ ಆ ಸೌಲಭ್ಯ ನಿಜಕ್ಕೂ ಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ನನಗೆ ಬೇಸರ ಇರುವುದು ಇನ್ನೊಂದು ಗುಂಪಿನ ಬಗ್ಗೆ. ಕೈಯಲ್ಲಿ ದುಡ್ಡಿದ್ದು, ಕಟ್ಟಲು ಆಗುತ್ತಿದ್ದು, ಪದ ಅರ್ಥವಾಗದೆ ‘ಹೂಂ’ ಅಂದವರು. ಅವರಿಗೆ ಯಾರಾದರೂ ಕೂತು ‘ಇದು ಪುಟ್ ಆಫ್, ವೇವ್ ಅಲ್ಲ, ಅಂದರೆ ಮನ್ನಾ ಅಲ್ಲ’ ಅಂತ ಒಂದು ನಿಮಿಷ ಹೇಳಿದ್ದರೆ ಸಾಕಿತ್ತು.

ಇಲ್ಲೇ ‘ರೈಟ್ ಆಫ್’ ಬಗ್ಗೆಯೂ ಹೇಳಿಬಿಡುತ್ತೇನೆ, ಅದೂ ಆಫ್ ಕುಟುಂಬದ್ದೇ. ಬ್ಯಾಂಕ್ ಒಂದು ಸಾಲವನ್ನು ರೈಟ್ ಆಫ್ ಮಾಡಿತು ಅಂದರೆ ತನ್ನ ಲೆಕ್ಕದ ಪುಸ್ತಕದಲ್ಲಿ ಅದನ್ನು ವಸೂಲಾಗುವ ಆಸ್ತಿ ಅಂತ ತೋರಿಸುವುದನ್ನು ನಿಲ್ಲಿಸಿತು ಅಂತ ಅರ್ಥ. ಸಾಲಗಾರ ಸಾಲದಿಂದ ಬಿಡುಗಡೆ ಆದ ಅಂತ ಅಲ್ಲ. ವಸೂಲಿಯ ಪ್ರಯತ್ನ ಮುಂದುವರಿಯಬಹುದು. ಮನ್ನಾ ಅನ್ನೋದಕ್ಕೆ ಇಂಗ್ಲಿಷಿನಲ್ಲಿ ವೇವ್ ಅನ್ನುತ್ತಾರೆ. ಪತ್ರಿಕೆಯಲ್ಲಿ ಈ ಎರಡೂ ಪದ ಕಂಡಾಗ ನಿಂತು ಓದಿ.

ಸರಿ, ಇಂಗ್ಲಿಷಿನಲ್ಲಿ ಒಂದೇ ಕೆಲಸಕ್ಕೆ ಇಷ್ಟೊಂದು ಪದ ಯಾಕಿವೆ? ಅದಕ್ಕೆ ಸ್ವಲ್ಪ ಚರಿತ್ರೆಗೆ ಹೋಗಬೇಕು. 1066ರಲ್ಲಿ ನಾರ್ಮಂಡಿಯ ವಿಲಿಯಂ ಇಂಗ್ಲೆಂಡನ್ನು ಗೆದ್ದ. ಅಲ್ಲಿಂದ ಬಹಳ ಕಾಲ ಅರಮನೆಯಲ್ಲಿ, ನ್ಯಾಯಾಲಯದಲ್ಲಿ ಫ್ರೆಂಚ್ ನಡೆಯಿತು. ಚರ್ಚಿನಲ್ಲಿ, ಓದಿದವರ ನಡುವೆ ಲ್ಯಾಟಿನ್. ಹೊಲ, ಸಂತೆ, ಅಡುಗೆಮನೆಯಲ್ಲಿ ಇಂಗ್ಲಿಷ್. ಕೋರ್ಟಿನಲ್ಲಿ ವಾದ ಇಂಗ್ಲಿಷಿನಲ್ಲೇ ನಡೆಯಬೇಕು ಅಂತ ಕಾನೂನು ಬರಲು 1362ನೇ ಇಸವಿ ಆಗಬೇಕಾಯಿತು. ಹಾಗಾಗಿ ಪುಟ್ ಮತ್ತು ಆಫ್ ಅನ್ನೋದು ಮನೆಯ ಮಾತು. ಅಡ್ಜರ್ನ್, ಡಿಲೇ ಬಂದದ್ದು ಫ್ರೆಂಚ್ ದಾರಿಯಿಂದ. ಪೋಸ್ಟ್‌ಪೋನ್, ಪ್ರೊಕ್ರಾಸ್ಟಿನೇಟ್ ಬಂದದ್ದು ಲ್ಯಾಟಿನ್‌ನಿಂದ.

ನಮಗೆ ಇದು ಹೊಸದೇನಲ್ಲ. ಕನ್ನಡದಲ್ಲೂ ‘ಮುಂದಕ್ಕೆ ಹಾಕು’, ‘ತಡ’ ನಮ್ಮ ಮನೆಯ ಮಾತು. ‘ವಿಳಂಬ’ ಸಂಸ್ಕೃತದಿಂದ ಬಂತು. ‘ವಾಯಿದೆ’ ಅರಬ್ಬಿಯಿಂದ ಹೊರಟು ಆಡಳಿತದ ಮೂಲಕ ನಮ್ಮ ಕೋರ್ಟು ಕಚೇರಿಗೆ ಬಂತು. ಊರಿನ ಅಜ್ಜ ಬಸ್ಸಿನ ಬಗ್ಗೆ ‘ತಡ ಆಯ್ತು’ ಅನ್ನುತ್ತಾರೆ, ‘ವಿಳಂಬವಾಯಿತು’ ಅನ್ನುವುದಿಲ್ಲ. ಅದೇ ಅಜ್ಜ ಕೋರ್ಟಿನಿಂದ ಬಂದರೆ ‘ವಾಯಿದೆ ಕೊಟ್ರು’ ಅನ್ನುತ್ತಾರೆ. ಯಾವ ಪದ ಎಲ್ಲಿಗೆ ಅನ್ನೋದು ಅವರಿಗೆ ಯಾರೂ ಕಲಿಸಿದ್ದಲ್ಲ. ಇಂಗ್ಲಿಷಿನಲ್ಲಿ ನಮಗೆ ಬೇಕಾಗಿರುವುದು ಇದೇ ತಿಳಿವಳಿಕೆ.

ಸ್ಯಾಮ್ಯುಯೆಲ್ ಜಾನ್ಸನ್ 1755ರಲ್ಲಿ ತನ್ನ ದೊಡ್ಡ ಇಂಗ್ಲಿಷ್ ನಿಘಂಟು ತಂದಾಗ ಮುನ್ನುಡಿಯಲ್ಲೇ ಪುಟ್ ಆಫ್ ಜಾತಿಯ ಕ್ರಿಯಾಪದಗಳ ಬಗ್ಗೆ ಬರೆದ. ಕ್ರಿಯಾಪದಕ್ಕೆ ಒಂದು ಸಣ್ಣ ಪದ ಅಂಟಿಕೊಂಡು ಅರ್ಥವೇ ಬದಲಾಗುವ ಈ ರೂಢಿ ಪರದೇಶದವರಿಗೆ ಬಹಳ ಕಷ್ಟ ಅಂತ ಒಪ್ಪಿಕೊಂಡ. ಇವಕ್ಕೆ ಫ್ರೇಸಲ್ ವರ್ಬ್ ಅನ್ನುವ ಹೆಸರು ಚಾಲ್ತಿಗೆ ಬಂದದ್ದು ಅದಾದ ಮೇಲೆ, 20ನೇ ಶತಮಾನದಲ್ಲಿ. ಕಷ್ಟ ಮಾತ್ರ ಹಳೆಯದು. ಹಾಗಾಗಿ ‘ನನಗೊಬ್ಬನಿಗೇ ಇದು ತಲೆಗೆ ಹತ್ತುತ್ತಿಲ್ಲ’ ಅಂತ ಯಾರೂ ಕೊರಗಬೇಡಿ.

ಈ ಚರಿತ್ರೆಯಿಂದ ನಮ್ಮ ವಿದ್ಯಾರ್ಥಿಗಳಿಗೆ ಒಂದು ತೊಂದರೆ ಆಗಿದೆ. ಕನ್ನಡ ಮಾಧ್ಯಮದಿಂದ ಬಂದವರು ಇಂಗ್ಲಿಷನ್ನು ಮೊದಲು ಕಂಡದ್ದು ಪಾಠದಲ್ಲಿ, ಅರ್ಜಿಯಲ್ಲಿ, ಸುತ್ತೋಲೆಯಲ್ಲಿ. ಅಲ್ಲೆಲ್ಲ ಪೋಸ್ಟ್‌ಪೋನ್ ಇರುತ್ತದೆ, ಪುಟ್ ಆಫ್ ಇರುವುದಿಲ್ಲ. ಪುಟ್ ಆಫ್ ಅಂದರೆ ಏನೋ ಕೀಳು ಇಂಗ್ಲಿಷ್ ಅನ್ನುವ ಭಾವನೆ ಬಂದಿದೆ. ದಯವಿಟ್ಟು ಅದನ್ನು ಬಿಡಿ. ಸ್ನೇಹಿತನ ಜೊತೆ, ಆಫೀಸಿನ ಊಟದ ಹೊತ್ತಿನಲ್ಲಿ, ಫೋನಿನಲ್ಲಿ ಪುಟ್ ಆಫ್ ಅನ್ನೋದೇ ಸಹಜ. ‘ಐ ಪೋಸ್ಟ್‌ಪೋನ್ಡ್ ಮೈ ಹೇರ್‌ಕಟ್’ ಅಂದರೆ ತಪ್ಪಿಲ್ಲ, ಆದರೆ ಕ್ಷೌರಕ್ಕೆ ಸುತ್ತೋಲೆ ಹೊರಡಿಸಿದ ಹಾಗೆ ಕೇಳಿಸುತ್ತದೆ.

ಪುಟ್ ಆಫ್‌ನಲ್ಲಿ ಇನ್ನೊಂದು ಛಾಯೆ ಇದೆ. ಮಾಡಲು ಮನಸ್ಸಿಲ್ಲದೆ ಮುಂದೆ ಹಾಕುವುದು. ‘ಹಲ್ಲಿನ ಡಾಕ್ಟರ ಹತ್ತಿರ ಹೋಗೋದನ್ನ ಪುಟ್ ಆಫ್ ಮಾಡ್ತಾ ಇದ್ದಾಳೆ’ ಅಂದರೆ ಅವಳಿಗೆ ಭಯ ಅಥವಾ ಬೇಸರ ಇದೆ ಅಂತ ಕೇಳಿದವರಿಗೆ ತಾನಾಗಿಯೇ ಹೊಳೆಯುತ್ತದೆ. ಪೋಸ್ಟ್‌ಪೋನ್ ಅಂದರೆ ಹಾಗೆ ಹೊಳೆಯುವುದಿಲ್ಲ. ಅದರಲ್ಲಿ ಯಾರೋ ಯೋಚಿಸಿ ನಿರ್ಧಾರ ಮಾಡಿದ್ದಾರೆ, ಸಾಮಾನ್ಯವಾಗಿ ಬೇರೆ ದಿನವೂ ಮನಸ್ಸಿನಲ್ಲಿದೆ. ಮದುವೆ, ಚುನಾವಣೆ, ಪರೀಕ್ಷೆ, ಪಂದ್ಯ ಇವೆಲ್ಲ ಪೋಸ್ಟ್‌ಪೋನ್ ಆಗುತ್ತವೆ.

ಮನಸ್ಸಿಲ್ಲದೆ ಮುಂದೆ ಹಾಕುವುದೇ ಅಭ್ಯಾಸ ಆಗಿಬಿಟ್ಟರೆ ಅದು ಪ್ರೊಕ್ರಾಸ್ಟಿನೇಟ್. ಅದರ ಒಳಗಿರುವ ‘ಕ್ರಾಸ್’ ಅನ್ನೋದು ಲ್ಯಾಟಿನ್‌ನಲ್ಲಿ ನಾಳೆ. ನಮ್ಮಲ್ಲಿ ‘ಮೀನಮೇಷ ಎಣಿಸು’ ಅನ್ನುತ್ತೇವಲ್ಲ, ಅದು ಇದರ ಹತ್ತಿರದ್ದು. ಈ ಪದವನ್ನು ನಮ್ಮ ಬಗ್ಗೆ ಹೇಳಿಕೊಳ್ಳಬಹುದು, ಸಂಸ್ಥೆಯ ಬಗ್ಗೆ ಹೇಳುವುದು ಅಪರೂಪ. ಜೊತೆಗೆ ಇದಕ್ಕೆ ಕರ್ಮಪದ ಬೇಡ. ‘ಐ ಪ್ರೊಕ್ರಾಸ್ಟಿನೇಟೆಡ್ ದಿ ಅಸೈನ್‌ಮೆಂಟ್’ ಅನ್ನುವುದು ಒರಟು. ‘ಐ ಪ್ರೊಕ್ರಾಸ್ಟಿನೇಟೆಡ್’ ಅಂದರೆ ಸಾಕು.

ಡಿಲೇ ಅನ್ನೋದು ತಡ. ಅಲ್ಲಿ ಬಹಳ ಸಲ ಯಾರ ನಿರ್ಧಾರವೂ ಇರುವುದಿಲ್ಲ. ಮಂಜು ಮುಸುಕಿದೆ, ವಿಮಾನ ಡಿಲೇ. ಸಿಗ್ನಲ್ ಸಿಕ್ಕಿಲ್ಲ, ರೈಲು ಡಿಲೇ. ರೈಲು ಪೋಸ್ಟ್‌ಪೋನ್ ಆಯಿತು ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಇದು ಗೊತ್ತಿದ್ದರೆ ಮೇಲಿನವರ ಮಾತಿನಲ್ಲಿ ಏನು ಅಡಗಿದೆ ಅನ್ನೋದೂ ಕಾಣುತ್ತದೆ. ‘ಸಂಬಳ ಡಿಲೇ ಆಗಿದೆ’ ಅಂತ ಮೇಲ್ ಬಂದರೆ ಅದು ಮಂಜು ಮುಸುಕಿದ ಹಾಗೆ ತಾನಾಗಿ ಆಯಿತು ಅನ್ನುವ ಧ್ವನಿ. ‘ಡಿಫರ್ ಮಾಡಿದ್ದೇವೆ’ ಅಂದರೆ ಯಾರೋ ಕೂತು ನಿರ್ಧಾರ ಮಾಡಿದ್ದಾರೆ. ಎರಡನೆಯದರಲ್ಲಿ ‘ಯಾರು, ಎಲ್ಲಿಯವರೆಗೆ?’ ಅಂತ ಕೇಳುವ ಹಕ್ಕು ನಿಮಗೆ ಸುಲಭವಾಗಿ ಸಿಗುತ್ತದೆ. ಮೊದಲನೆಯದರಲ್ಲೂ ಕೇಳಿ.

ಡಿಫರ್ ಬಗ್ಗೆ ಸ್ವಲ್ಪ ಹೇಳಬೇಕು, ಅದು ನಿಮ್ಮ ವಯಸ್ಸಿನವರಿಗೆ ಜಾಸ್ತಿ ಬರುವ ಪದ. ವಿದೇಶದ ವಿಶ್ವವಿದ್ಯಾಲಯದಲ್ಲಿ ಸೀಟು ಸಿಕ್ಕಿದೆ, ಈ ವರ್ಷ ಹೋಗಲು ಆಗುವುದಿಲ್ಲ. ಆಗ ಅಡ್ಮಿಷನ್ ಡಿಫರ್ ಮಾಡಿ ಅಂತ ಕೇಳುತ್ತೀರಿ. ಅವರು ಒಪ್ಪಿದರೆ ಸೀಟು ನಿಮ್ಮದೇ, ಮುಂದಿನ ವರ್ಷಕ್ಕೆ. ಅಂದರೆ ಡಿಫರ್‌ನಲ್ಲಿ ನಿಮ್ಮ ಹಕ್ಕು ಅಥವಾ ನಿಮ್ಮ ಹೊಣೆ ಹಾಗೇ ಉಳಿದಿರುತ್ತದೆ, ಕಾಲ ಮಾತ್ರ ಸರಿಯುತ್ತದೆ.

ರಕ್ತನಿಧಿಯವರು ಇದೇ ಪದ ಬಳಸುತ್ತಾರೆ. ರಕ್ತ ಕೊಡಲು ಹೋದವರ ಹಿಮೋಗ್ಲೋಬಿನ್ 12.5 ಗ್ರಾಂಗಿಂತ ಕಡಿಮೆ ಇದ್ದರೆ ಅವತ್ತು ರಕ್ತ ತೆಗೆದುಕೊಳ್ಳುವುದಿಲ್ಲ. ಚೀಟಿಯಲ್ಲಿ ‘ಟೆಂಪೊರರಿ ಡಿಫರಲ್’ ಅಂತ ಬರೆಯುತ್ತಾರೆ. ಹುಡುಗಿಯರಿಗೆ ಇದು ಜಾಸ್ತಿ ಆಗುತ್ತದೆ. ಅದನ್ನು ‘ರಿಜೆಕ್ಟ್’ ಅಂತ ಓದಿಕೊಂಡು, ತಮ್ಮಲ್ಲೇ ಏನೋ ದೋಷ ಇದೆ ಅಂತ ನಾಚಿಕೊಂಡು, ಮತ್ತೆ ಶಿಬಿರದ ಕಡೆ ತಲೆ ಹಾಕದವರನ್ನು ನಾನು ಕಂಡಿದ್ದೇನೆ. ಆ ಪದದ ಅರ್ಥ ಇಷ್ಟೇ: ಊಟ, ಔಷಧಿ ಸರಿ ಮಾಡಿಕೊಂಡು ಆಮೇಲೆ ಬನ್ನಿ. ಕೆಲವು ಕಾಯಿಲೆಗಳಿಗೆ ‘ಪರ್ಮನೆಂಟ್ ಡಿಫರಲ್’ ಅಂತಲೂ ಬರೆಯುತ್ತಾರೆ. ಅದು ಮಾತ್ರ ಯಾವತ್ತೂ ಕೊಡುವಂತಿಲ್ಲ ಅಂತಲೇ. ಹೀಗಾಗಿ ಡಿಫರ್ ಪಕ್ಕದಲ್ಲಿ ಯಾವ ವಿಶೇಷಣ ಇದೆ ಅಂತ ನೋಡಿಕೊಳ್ಳಿ.

ಇನ್ನು ಕೋರ್ಟು. ಅಡ್ಜರ್ನ್ ಅನ್ನುವ ಪದದೊಳಗೆ ಹಳೆಯ ಫ್ರೆಂಚಿನ ‘ದಿನ’ ಇದೆ. ಕಲಾಪವನ್ನು ಇನ್ನೊಂದು ದಿನಕ್ಕೆ ಹಾಕುವುದು. ಅದನ್ನು ಮಾಡುವ ಅಧಿಕಾರ ನ್ಯಾಯಾಧೀಶರಿಗೆ, ಸಭಾಧ್ಯಕ್ಷರಿಗೆ. ಕಕ್ಷಿದಾರ ಅಡ್ಜರ್ನ್ ಮಾಡುವುದಿಲ್ಲ, ಅಡ್ಜರ್ನ್‌ಮೆಂಟ್ ಕೇಳುತ್ತಾನೆ. ನಮ್ಮ ಸಿವಿಲ್ ಪ್ರೊಸೀಜರ್ ಕೋಡ್‌ನ 17ನೇ ಆರ್ಡರ್ ಪ್ರಕಾರ ವಿಚಾರಣೆಯ ಹಂತದಲ್ಲಿ ಒಬ್ಬ ಕಕ್ಷಿದಾರನಿಗೆ ಮೂರಕ್ಕಿಂತ ಹೆಚ್ಚು ಸಲ ವಾಯಿದೆ ಕೊಡಬಾರದು. ಕೋರ್ಟಿಗೆ ಅಲೆದವರ ಅನುಭವ ಬೇರೆಯೇ ಇದೆ. ಆದರೂ ನಿಯಮ ಏನು ಅನ್ನೋದು ಜನರಿಗೆ ಗೊತ್ತಿರಬೇಕು ಅಂತ ನನ್ನ ಆಸೆ. ಇನ್ನು ‘ಸೈನೆ ಡೈ’ ಅಂತ ಜೊತೆಗೆ ಸೇರಿದರೆ ಮುಂದಿನ ದಿನ ಗೊತ್ತುಮಾಡದೆ ಮುಗಿಸಿದರು ಅಂತ. ವಿಧಾನಸಭೆಯ ಸುದ್ದಿಯಲ್ಲಿ ‘ಅನಿರ್ದಿಷ್ಟ ಕಾಲ ಮುಂದೂಡಿಕೆ’ ಅಂತ ನೀವು ಓದುವುದು ಇದನ್ನೇ. ‘ಸ್ಟೇ’ ಬೇರೆ. ಅದು ನಡೆಯುತ್ತಿರುವ ಕೆಲಸಕ್ಕೆ ಅಥವಾ ಆದೇಶಕ್ಕೆ ಕೋರ್ಟು ಒಡ್ಡುವ ತಡೆ.

ಸದನದ ಮಾತು ಬಂತು, ಹಾಗಾಗಿ ‘ಟೇಬಲ್’ ಅನ್ನುವ ಕ್ರಿಯಾಪದದ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಬ್ರಿಟನ್ನಿನಲ್ಲಿ ಒಂದು ವಿಷಯವನ್ನು ಟೇಬಲ್ ಮಾಡುವುದು ಅಂದರೆ ಚರ್ಚೆಗೆ ಮಂಡಿಸುವುದು. ನಮ್ಮ ಸಂಸತ್ತಿನಲ್ಲೂ ಅದೇ ಅರ್ಥ. ಅಮೆರಿಕದಲ್ಲಿ ಟೇಬಲ್ ಮಾಡುವುದು ಅಂದರೆ ಸದ್ಯಕ್ಕೆ ಬದಿಗಿಡುವುದು, ಹೆಚ್ಚುಕಡಿಮೆ ಪುಟ್ ಆಫ್. ಎರಡನೇ ಮಹಾಯುದ್ಧದ ನೆನಪುಗಳಲ್ಲಿ ಚರ್ಚಿಲ್ ಈ ಬಗ್ಗೆ ಒಂದು ಪ್ರಸಂಗ ಬರೆದಿದ್ದಾರೆ. ಬ್ರಿಟಿಷ್ ಅಧಿಕಾರಿಗಳು ಒಂದು ತುರ್ತು ಪತ್ರವನ್ನು ಟೇಬಲ್ ಮಾಡಬೇಕು ಅಂದರು. ಅಮೆರಿಕನ್ನರು ಕೂಡದು, ಅದು ಮುಖ್ಯ ಅಂದರು. ಬಹಳ ಹೊತ್ತು ಜಗಳವಾಡಿದ ಮೇಲೆ ಇಬ್ಬರಿಗೂ ಬೇಕಾಗಿದ್ದು ಒಂದೇ ಅಂತ ಗೊತ್ತಾಯಿತು. ಬೆಂಗಳೂರಿನಲ್ಲಿ ಕೂತು ಎರಡೂ ದೇಶದವರ ಜೊತೆ ಕೆಲಸ ಮಾಡುವವರು ಈ ಪದವನ್ನು ಬಿಟ್ಟೇಬಿಡುವುದು ಒಳ್ಳೆಯದು.

ಸಸ್ಪೆಂಡ್ ಅಂದರೆ ಶುರುವಾದದ್ದನ್ನು ನಡುವೆ ನಿಲ್ಲಿಸುವುದು. 2025ರ ಮೇ ತಿಂಗಳಲ್ಲಿ ಐಪಿಎಲ್ ಅರ್ಧದಲ್ಲಿ ನಿಂತಾಗ ಸಸ್ಪೆಂಡ್ ಅಂದರು. ಮೇ 17ಕ್ಕೆ ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಿಂದ ಮತ್ತೆ ಶುರು ಅಂತ ಆಯಿತು. ಅವತ್ತು ಮಳೆ ಬಂದು ಒಂದು ಬಾಲೂ ಆಗಲಿಲ್ಲ, ಪಂದ್ಯ ‘ಅಬ್ಯಾಂಡನ್ಡ್’. ಅಂದರೆ ಆ ಪಂದ್ಯ ಮತ್ತೆ ನಡೆಯುವುದಿಲ್ಲ, ಅಂಕ ಹಂಚಿಕೊಂಡು ಮುಂದೆ. 2019ರ ವಿಶ್ವಕಪ್‌ನಲ್ಲಿ ಭಾರತ-ನ್ಯೂಜಿಲೆಂಡ್ ಸೆಮಿಫೈನಲ್‌ಗೂ ಮಳೆ ಬಂತು, ಆದರೆ ಅದಕ್ಕೆ ಮೀಸಲು ದಿನ ಇತ್ತು. ಮರುದಿನ ನಿಂತಲ್ಲಿಂದಲೇ ಆಟ ಮುಂದುವರಿಯಿತು. ಕ್ರಿಕೆಟ್ ನೋಡುವವರಿಗೆ ಈ ಪದಗಳೆಲ್ಲ ಆಗಲೇ ಗೊತ್ತು. ಗೊತ್ತಿರುವುದನ್ನು ಆಟದ ಆಚೆಗೂ ಬಳಸಿದರಾಯಿತು.

ಶೆಲ್ವ್, ಸ್ಟಾಲ್ ಇವೆರಡನ್ನು ಬೇಗ ಮುಗಿಸುತ್ತೇನೆ. ಯೋಜನೆ ಶೆಲ್ವ್ ಆಯಿತು ಅಂದರೆ ಕಡತ ಕಪಾಟು ಸೇರಿತು. ನಮ್ಮ ಪತ್ರಿಕೆಗಳ ‘ನೆನೆಗುದಿಗೆ ಬಿತ್ತು’ ಇದಕ್ಕೆ ಹತ್ತಿರ. ಸ್ಟಾಲ್ ಅಂದರೆ ಬೇಕೆಂದೇ ಕಾಲಹರಣ ಮಾಡುವುದು, ಸಬೂಬು ಹೇಳುತ್ತಾ ದಿನ ದೂಡುವುದು.

ಇಲ್ಲಿವರೆಗೆ ಕೆಲಸವನ್ನು ಪುಟ್ ಆಫ್ ಮಾಡುವ ಮಾತಾಯಿತು. ಇಂಗ್ಲಿಷಿನಲ್ಲಿ ಮನುಷ್ಯರನ್ನೂ ಪುಟ್ ಆಫ್ ಮಾಡಬಹುದು. ‘ಹಿ ಕೀಪ್ಸ್ ಪುಟಿಂಗ್ ಮಿ ಆಫ್’. ಕೇಳಿದಾಗಲೆಲ್ಲ ಏನೋ ಹೇಳಿ ಸಾಗಹಾಕುತ್ತಾನೆ ಅಂತ. ಕನ್ನಡದ ‘ಸಾಗಹಾಕು’ ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆ ನೋಡಿ. ಹಿಂದೆ ನಮ್ಮ ಊರುಗಳಲ್ಲಿ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರು. ರಾತ್ರಿ ಬಂದ ದೆವ್ವ ಅದನ್ನು ಓದಿ ವಾಪಸ್ ಹೋಗಲಿ ಅಂತ. ದೆವ್ವವನ್ನು ಪುಟ್ ಆಫ್ ಮಾಡುವ ಉಪಾಯ ಅದು. ಪಿಂಚಣಿಗೆ ಅಂತ ಹೋದ ಮುದುಕಿಗೂ ಎಷ್ಟೋ ಕಡೆ ಇದೇ ‘ನಾಳೆ ಬಾ’ ಸಿಗುತ್ತದೆ. ನೀವು ಮುಂದೆ ಯಾವುದಾದರೂ ಕೌಂಟರಿನ ಆ ಕಡೆ ಕೂತರೆ, ಅವರಿಗೆ ಒಂದು ತಾರೀಖು ಬರೆದುಕೊಡಿ. ಅದು ನಿಜವಾದ ತಾರೀಖಾಗಿರಲಿ.

ಇನ್ನೊಂದು ಅರ್ಥ, ಮನಸ್ಸು ಹಿಂಜರಿಯುವಂತೆ ಮಾಡುವುದು. ಆ ವಾಸನೆ ನನ್ನನ್ನು ಪುಟ್ ಆಫ್ ಮಾಡಿತು ಅಂದರೆ ಊಟ ಸೇರದಂತೆ ಮಾಡಿತು. ಮೇಷ್ಟ್ರ ಒಂದು ಕಟು ಮಾತು ಹುಡುಗನನ್ನು ಗಣಿತದಿಂದ ಪುಟ್ ಆಫ್ ಮಾಡಬಹುದು. ಇಲ್ಲಿ ಪೋಸ್ಟ್‌ಪೋನ್ ಹಾಕಲು ಆಗುವುದೇ ಇಲ್ಲ. ಡಿಸ್ಕರೇಜ್, ಡಿಟರ್ ಇದರ ಸಮಾನಾರ್ಥಕಗಳು. ದೀಪಕ್ಕೆ ‘ಪುಟ್ ಆಫ್ ದಿ ಲೈಟ್’ ಅನ್ನೋದು ನಮ್ಮಲ್ಲಿ ಜಾಸ್ತಿ. ಬೇರೆ ದೇಶದವರ ಜೊತೆ ‘ಟರ್ನ್ ಆಫ್’ ಅಥವಾ ‘ಸ್ವಿಚ್ ಆಫ್’ ಅನ್ನಿ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ಎಡವಟ್ಟು. ಕನ್ನಡದಲ್ಲಿ ಕಾರ್ಯಕ್ರಮ ‘ಮುಂದಕ್ಕೆ’ ಹೋಯಿತು ಅಂದರೆ ತಡವಾಗಿ ನಡೆಯುತ್ತದೆ ಅಂತ. ಅದನ್ನೇ ಮನಸ್ಸಿನಲ್ಲಿಟ್ಟುಕೊಂಡು ನಾವು ಇಂಗ್ಲಿಷಿನಲ್ಲಿ ‘ಬ್ರಿಂಗ್ ಫಾರ್ವರ್ಡ್’ ಅಂದುಬಿಡುತ್ತೇವೆ. ಇಂಗ್ಲಿಷಿನಲ್ಲಿ ಬ್ರಿಂಗ್ ಫಾರ್ವರ್ಡ್ ಅಂದರೆ ಮೊದಲೇ ಮಾಡುವುದು. ತಡವಾಗಿ ಮಾಡುವುದಕ್ಕೆ ‘ಪುಶ್ ಬ್ಯಾಕ್’. ಪೂರ್ತಿ ಉಲ್ಟಾ. ‘ಮೂವ್ ಫಾರ್ವರ್ಡ್’ ಅಂತೂ ಇಂಗ್ಲಿಷ್ ಮನೆಮಾತಿನವರಿಗೇ ಗೊಂದಲ. ಬುಧವಾರದ ಮೀಟಿಂಗ್ ಎರಡು ದಿನ ಫಾರ್ವರ್ಡ್ ಆಗಿದೆ, ಈಗ ಯಾವ ದಿನ ಅಂತ ಕೇಳಿದರೆ ಕೆಲವರು ಸೋಮವಾರ ಅನ್ನುತ್ತಾರೆ, ಕೆಲವರು ಶುಕ್ರವಾರ ಅನ್ನುತ್ತಾರೆ. ಲೆರಾ ಬೊರೊಡಿಟ್ಸ್ಕಿ ಮತ್ತು ಮೈಕಲ್ ರಾಮ್‌ಸ್ಕರ್ ಅನ್ನುವ ಸಂಶೋಧಕರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿಮಾನ ನಿಲ್ದಾಣದ ಜನರನ್ನೇ ಹೀಗೆ ಕೇಳಿದ್ದರು. ಆಗತಾನೇ ಪ್ರಯಾಣ ಮುಗಿಸಿದವರು, ಹೊರಡಲು ಸಿದ್ಧರಾದವರು ಶುಕ್ರವಾರ ಅಂದದ್ದು ಜಾಸ್ತಿ. ನಾನು ಕೊಡುವ ಸಲಹೆ ಒಂದೇ. ದಿಕ್ಕಿನ ಪದ ಬಳಸಿದರೆ ಪಕ್ಕದಲ್ಲಿ ವಾರ, ತಾರೀಖು ಎರಡನ್ನೂ ಬರೆಯಿರಿ.

ನಮ್ಮ ‘ಪ್ರೀಪೋನ್’ ಬಗ್ಗೆ ನನಗೆ ಯಾವ ಸಂಕೋಚವೂ ಇಲ್ಲ. ಪೋಸ್ಟ್‌ಪೋನ್ ಇದೆ, ಅದರ ವಿರುದ್ಧ ಪದ ಬೇಕಿತ್ತು, ಭಾರತದವರು ಅದನ್ನು ಧಾರಾಳವಾಗಿ ಬಳಸಿ ನೆಲೆಗೊಳಿಸಿದರು. ಆಕ್ಸ್‌ಫರ್ಡ್ ನಿಘಂಟಿನಲ್ಲೂ ಅದಕ್ಕೆ ಜಾಗ ಸಿಕ್ಕಿದೆ. ಇಲ್ಲಿನವರ ಜೊತೆ ಧೈರ್ಯವಾಗಿ ಬಳಸಿ. ಲಂಡನ್ನಿನ ಆಫೀಸಿಗೆ ಬರೆಯುವಾಗ ಬ್ರಿಂಗ್ ಫಾರ್ವರ್ಡ್ ಅನ್ನಿ, ಅವರಿಗೆ ಸುಲಭ.

ವ್ಯಾಕರಣದಲ್ಲಿ ಮೂರೇ ಮಾತು. ‘ಪುಟ್ ಆಫ್ ದಿ ಮೀಟಿಂಗ್’ ಅನ್ನಬಹುದು, ‘ಪುಟ್ ದಿ ಮೀಟಿಂಗ್ ಆಫ್’ ಅನ್ನಬಹುದು. ಆದರೆ ಸರ್ವನಾಮ ಬಂದರೆ ನಡುವೆಯೇ ಬರಬೇಕು, ‘ಪುಟ್ ಇಟ್ ಆಫ್’. ಇನ್ನೊಂದು ಕ್ರಿಯಾಪದ ಸೇರಿಸುವಾಗ ‘ಟು ಗೋ’ ಹಾಕಬೇಡಿ, ‘ಗೋಯಿಂಗ್’ ಹಾಕಿ: ‘ಐ ಪುಟ್ ಆಫ್ ಗೋಯಿಂಗ್’. ಪೋಸ್ಟ್‌ಪೋನ್, ಡಿಲೇ, ಡಿಫರ್‌ಗೂ ಇದೇ ನಿಯಮ. ಇನ್ನು ‘ಬೈ’ ಮತ್ತು ‘ಟು’. ಮೂರು ದಿನ ಮುಂದಕ್ಕೆ ಅಂದರೆ ‘ಬೈ ತ್ರೀ ಡೇಸ್’. ಮೂರನೇ ತಾರೀಖಿಗೆ ಅಂದರೆ ‘ಟು ದಿ ಥರ್ಡ್’. ಇದು ತಪ್ಪಿದರೆ ಇಂಟರ್‌ವ್ಯೂ ತಪ್ಪುತ್ತದೆ.

ಮಾತು ಮುಗಿದ ಮೇಲೆ ಕೆಲವರು ಪ್ರಶ್ನೆ ಕೇಳಿದರು. ಎರಡನ್ನು ಇಲ್ಲಿ ಬರೆದಿದ್ದೇನೆ.

ಒಬ್ಬ ಶಿಕ್ಷಕಿ, ‘ಸರ್, ಥೆಸಾರಸ್ ನೋಡಿ ಕಲಿಸಬಹುದಾ?’ ಅಂತ ಕೇಳಿದರು. ನೋಡಬಹುದು. ಪೀಟರ್ ಮಾರ್ಕ್ ರೋಜೆ ಅನ್ನುವ ವೈದ್ಯರು 1852ರಲ್ಲಿ ತಂದ ಆ ಸಮಾನಾರ್ಥಕ ಪದಗಳ ಕೋಶ ದೊಡ್ಡ ಉಪಕಾರ. ಮರೆತ ಪದವನ್ನು ನೆನಪಿಸಲು ಅದು ಬೇಕು. ಆದರೆ ಅಲ್ಲಿ ಪದಗಳು ಅಕ್ಕಪಕ್ಕ ಕೂತಿರುತ್ತವೆ, ಯಾವುದು ಕೋರ್ಟಿಗೆ, ಯಾವುದು ರೈಲಿಗೆ ಅಂತ ಹೇಳುವುದಿಲ್ಲ. ಅದಕ್ಕೆ ದಿನಪತ್ರಿಕೆ ಒಳ್ಳೆಯದು. ಮಕ್ಕಳಿಗೆ ಒಂದು ವಾರದ ಇಂಗ್ಲಿಷ್ ಪತ್ರಿಕೆ ಕೊಡಿ. ಮುಂದೂಡಿದ ಸುದ್ದಿಗಳನ್ನೆಲ್ಲ ಕತ್ತರಿಸಿ ಅಂಟಿಸಲಿ. ಪ್ರತಿಯೊಂದರ ಪಕ್ಕ ‘ಯಾರು ಮುಂದೂಡಿದರು, ಹೊಸ ದಿನ ಇದೆಯಾ’ ಅಂತ ಕನ್ನಡದಲ್ಲೇ ಬರೆಯಲಿ. ಕನ್ನಡದಲ್ಲಿ ಬರೆಯುವುದು ಮುಖ್ಯ, ಯಾಕೆಂದರೆ ಅವರು ಯೋಚಿಸುವುದು ಅದರಲ್ಲೇ.

ಒಬ್ಬ ವಿದ್ಯಾರ್ಥಿ ಕೇಳಿದ: ‘ಇಂಟರ್‌ವ್ಯೂ ದಿನ ನನಗೆ ಪರೀಕ್ಷೆ ಇದೆ. ಮೇಲ್‌ನಲ್ಲಿ ಪುಟ್ ಆಫ್ ಅಂತ ಬರೆಯಬಹುದಾ ಸರ್?’

ಬೇಡಪ್ಪ. ಮೊದಲೇ ಹೇಳಿದ ಹಾಗೆ ಅದರಲ್ಲಿ ಮನಸ್ಸಿಲ್ಲ ಅನ್ನುವ ಛಾಯೆ ಇದೆ. ಪೋಸ್ಟ್‌ಪೋನ್ ಕೂಡ ಬೇಡ, ಎಲ್ಲಿಯವರೆಗೆ ಅಂತ ಅವರು ಯೋಚಿಸಬೇಕಾಗುತ್ತದೆ. ‘ರೀಷೆಡ್ಯೂಲ್’ ಅಂತ ಬರಿ. ಅಂದರೆ ಒಂದು ದಿನದ ಬದಲು ಇನ್ನೊಂದು ದಿನ. ‘ಕುಡ್ ವಿ ರೀಷೆಡ್ಯೂಲ್ ದಿ ಇಂಟರ್‌ವ್ಯೂ?’ ಅಂತ ಕೇಳಿ, ಪರೀಕ್ಷೆ ಇದೆ ಅಂತ ಒಂದೇ ಸಾಲಿನಲ್ಲಿ ಕಾರಣ ಕೊಡು. ನಿನಗೆ ಅನುಕೂಲವಾದ ಎರಡು ದಿನ ನೀನೇ ಸೂಚಿಸು. ತಾರೀಖಿನ ಜೊತೆ ವಾರ ಬರಿ, ಗಂಟೆ ಬರಿ. ಕಂಪನಿ ಹೊರದೇಶದ್ದಾದರೆ ಅದು ಭಾರತದ ಸಮಯವೋ ಅವರ ಸಮಯವೋ ಅಂತಲೂ ಬರಿ.